ಉಗುರಿನ ಬುಡ ನೋಡುವ ಪ್ರಾಜೆಕ್ಟ್: ದೊಡ್ಡಮ್ಮನ ಬೆರಳಿನವರೆಗೆ ಬಂತು

ಉಗುರಿನ ಬುಡದ ಲೋಮನಾಳಗಳನ್ನು, ಅಂದರೆ ಅತಿ ಸಣ್ಣ ರಕ್ತನಾಳಗಳನ್ನು, ನೋಡಲು ಮಾಡಿದ ಸ್ಟ್ಯಾಂಡ್ ಅಂತೂ ಅಲುಗಾಡದೆ ನಿಂತಿತು. ಯುಎಸ್‌ಬಿ ಮೈಕ್ರೋಸ್ಕೋಪ್ ಹಳೆಯದೇ. ಬೆರಳು ಇಡುವುದಕ್ಕೆ ಮಾತ್ರ ಇಲ್ಲೇ ಉಡುಪಿಯಲ್ಲಿ ಪರಿಚಯದ ಬಡಗಿಯೊಬ್ಬರ ಹತ್ತಿರ ಮರದ ತುಂಡಿಗೆ ಒಂದು ತೋಡು ಕೊರೆಸಿದೆ. ಬೆಳಕಿಗೆ ಹಸಿರು ಎಲ್‌ಇಡಿ ಹಾಕಿದ್ದೇನೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ರಕ್ತ ಇರುವ ಕಡೆ ಕಪ್ಪು ಗೆರೆ ಎದ್ದು ಕಾಣುತ್ತದೆ. ಉಗುರಿನ ಬುಡದ ಚರ್ಮಕ್ಕೆ ಒಂದು ಹನಿ ತೆಂಗಿನೆಣ್ಣೆ ಬೇಕೇ ಬೇಕು, ಇಲ್ಲದಿದ್ದರೆ ಬೆಳಕು ಚದುರಿ ಬರೀ ಬಿಳಿ ಹೊಳಪು.

ಉಗುರಿನ ಬುಡವೇ ಯಾಕೆ ಅಂದ್ರೆ, ಬೇರೆ ಕಡೆ ಲೋಮನಾಳಗಳು ಚರ್ಮಕ್ಕೆ ನೆಟ್ಟಗೆ ನಿಂತಿರುತ್ತವೆ, ಮೇಲಿಂದ ನೋಡಿದರೆ ಚುಕ್ಕೆ ಮಾತ್ರ. ಇಲ್ಲಿ ಅವು ಅಡ್ಡ ಮಲಗಿರುತ್ತವೆ, ಉದ್ದಕ್ಕೂ ಕಾಣುತ್ತವೆ. ನನ್ನ ಬೆರಳಲ್ಲಿ ಸಾಲಾಗಿ ಹೇರ್‌ಪಿನ್ ಆಕಾರದ ಕುಣಿಕೆಗಳು.

ಈ ಸಲ ದೊಡ್ಡಮ್ಮನ ಕೈ. ಅವರಿಗೆ ಶುಗರ್ ಬಂದು ತುಂಬಾ ವರ್ಷ ಆಯ್ತು. ಬೀಡಿ ಕಟ್ಟಿ ಕಟ್ಟಿ ಬಲಗೈ ಬೆರಳುಗಳ ಚರ್ಮ ದಪ್ಪ ಆಗಿದೆ, ಏನೂ ಕಾಣಲಿಲ್ಲ. ಎಡಗೈ ಉಂಗುರ ಬೆರಳು ಚೆನ್ನಾಗಿ ಸಿಕ್ಕಿತು. ಕೆಲವು ಕುಣಿಕೆ ನೇರ ಇದ್ದವು, ಕೆಲವು ತಿರುಚಿಕೊಂಡಿದ್ದವು, ಎರಡು ಮೂರು ಅಗಲವಾಗಿದ್ದವು, ಒಂದು ಕಡೆ ಸಣ್ಣ ರಕ್ತಸ್ರಾವದ ಹಾಗೆ ಕಂದು ಚುಕ್ಕೆ. "ಇದನ್ನು ನೋಡಿದ್ರೆ ಶುಗರ್ ಎಷ್ಟುಂಟು ಅಂತ ಗೊತ್ತಾಗ್ತದಾ?" ಅಂತ ಕೇಳಿದರು. ಇಲ್ಲ ದೊಡ್ಡಮ್ಮ ಅಂದೆ. ತಿರುಚಿದ ಕುಣಿಕೆ ಶುಗರ್ ಇಲ್ಲದವರಲ್ಲೂ ಇರುತ್ತದೆ.

ನನಗೆ ತಲೆಯಿಂದ ಹೋಗದ ವಿಷಯ ಬೇರೆ ಉಂಟು. ಶುಗರ್ ಇರುವವರ ಲೋಮನಾಳದ ಗೋಡೆ ದಪ್ಪ ಆಗುತ್ತದೆ. ಆದರೂ ಸೋರುತ್ತದೆ! ದಪ್ಪ ಆಗುವುದು ಹೊರಗಿನ ಆಧಾರ ಪೊರೆ, ಅಲ್ಲಿ ಕೊಲಾಜನ್‌ನಂಥ ಪ್ರೋಟೀನ್ ಪೇರುತ್ತಾ ಹೋಗುತ್ತದೆ. ಸೋರದಂತೆ ತಡೆಯುವ ಕೆಲಸ ಹೆಚ್ಚಾಗಿ ಒಳಪದರದ ಕೋಶಗಳದ್ದು: ಅವುಗಳ ಮೇಲಿರುವ ಸಕ್ಕರೆ-ಪ್ರೋಟೀನಿನ ತೆಳು ಲೇಪ, ಪಕ್ಕದ ಕೋಶಕ್ಕೆ ಬಿಗಿಯಾಗಿ ಹಿಡಿದ ಬೆಸುಗೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಅನೇಕ ಕೋಶಗಳು ಒಳಗೆ ಬಿಟ್ಟುಕೊಳ್ಳುವುದನ್ನು ಕಡಿಮೆ ಮಾಡುತ್ತವೆ, ಈ ಕೋಶಗಳಿಗೆ ಅದು ಸರಿಯಾಗಿ ಆಗುವುದಿಲ್ಲ, ಹಾಗಾಗಿ ಹೊಡೆತ ಇವಕ್ಕೇ ಜಾಸ್ತಿ. ಲೇಪ ಉದುರುತ್ತದೆ, ಬೆಸುಗೆ ಸಡಿಲ ಆಗುತ್ತದೆ. ಹೊರಗಿಂದ ನಾಳವನ್ನು ಅಪ್ಪಿ ಹಿಡಿದಿರುವ ಪೆರಿಸೈಟ್ ಕೋಶಗಳೂ ಸಾಯುತ್ತವೆ. 1961ರಲ್ಲಿ ಡೇವಿಡ್ ಕೋಗನ್ ಮತ್ತು ಸಂಗಡಿಗರು ರೆಟಿನಾವನ್ನು (ಕಣ್ಣಿನ ಒಳಗೆ ಹಿಂಭಾಗದಲ್ಲಿರುವ, ಬೆಳಕು ಗ್ರಹಿಸುವ ಪದರ) ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್‌ನಲ್ಲಿ ಕರಗಿಸಿ ನಾಳಗಳ ಜಾಲ ಮಾತ್ರ ಉಳಿಸಿಕೊಂಡು ನೋಡಿದಾಗ, ಶುಗರ್ ಇದ್ದವರ ಕಣ್ಣಲ್ಲಿ ಪೆರಿಸೈಟ್ ಇರಬೇಕಾದ ಜಾಗ ಖಾಲಿ ಇತ್ತು.

ಆಮೇಲೆ ವಿಇಜಿಎಫ್, ಅಂದರೆ ರಕ್ತನಾಳ ಬೆಳೆಯುವಂತೆ ಮಾಡುವ ಒಂದು ಪ್ರೋಟೀನ್. ರೆಟಿನಾಕ್ಕೆ ಆಮ್ಲಜನಕ ಸಾಲದೆ ಇದ್ದಾಗ ಇದು ಜಾಸ್ತಿ ತಯಾರಾಗುತ್ತದೆ, ನಾಳಗಳನ್ನು ಇನ್ನಷ್ಟು ಸೋರಿಸುತ್ತದೆ. 1983ರಲ್ಲಿ ಸೆಂಗರ್, ಡ್ವೋರಾಕ್ ಅವರ ತಂಡ ಇದನ್ನು ಮೊದಲು ಗುರುತಿಸಿದ್ದೇ ನಾಳ ಸೋರಿಸುವ ವಸ್ತು ಅಂತ. ಕಣ್ಣಿಗೆ ಈಗ ಕೊಡುವ ಇಂಜೆಕ್ಷನ್‌ಗಳು ಇದನ್ನೇ ತಡೆಯುವಂಥವು.

ನನ್ನ ಮೈಕ್ರೋಸ್ಕೋಪಿನಲ್ಲಿ ಸೋರಿಕೆ ಕಾಣುವುದಿಲ್ಲ, ಆಕಾರ ಮಾತ್ರ. ಸೋರಿಕೆ ನೋಡಲು ಕಣ್ಣಿನ ಆಸ್ಪತ್ರೆಯಲ್ಲಿ ಕೈಯ ರಕ್ತನಾಳಕ್ಕೆ ಫ್ಲೋರೆಸೀನ್ ಅನ್ನುವ ಹೊಳೆಯುವ ಬಣ್ಣ ಕೊಟ್ಟು ಫೋಟೋ ತೆಗೆಯುತ್ತಾರೆ. ಕಿಡ್ನಿಯದ್ದಾದರೆ ಮೂತ್ರ ಪರೀಕ್ಷೆ ಸಾಕು: ಒಂದು ಗ್ರಾಂ ಕ್ರಿಯೇಟಿನಿನ್‌ಗೆ (ಮೂತ್ರದಲ್ಲಿ ಹೋಗುವ ತ್ಯಾಜ್ಯ) 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಬಂದು, ಮತ್ತೆ ಮಾಡಿಸಿದಾಗಲೂ ಹಾಗೇ ಬಂದರೆ ಅಲ್ಲಿ ಸೋರಿಕೆ ಶುರುವಾಗಿದೆ ಅಂತ. ಎಷ್ಟೋ ಜನ ಬರೀ ಶುಗರ್ ಮಾಡಿಸಿ ಮನೆಗೆ ಬರುತ್ತಾರೆ, ಇದನ್ನು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ ಮಾಡಿಸಿ. ಟೈಪ್ 2 ಶುಗರ್ ಇದ್ದವರಲ್ಲಿ ಬ್ರಿಟನ್‌ನಲ್ಲಿ ನಡೆದ ಯುಕೆಪಿಡಿಎಸ್ ಅಧ್ಯಯನ 1998ರಲ್ಲೇ ತೋರಿಸಿದೆ, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 7.9%ರ ಬದಲು 7.0% ಇದ್ದ ಗುಂಪಿನಲ್ಲಿ ಸಣ್ಣ ನಾಳಗಳ ತೊಂದರೆ 25% ಕಡಿಮೆ.

ಈಗ ಬಾಕಿ ಇರುವುದು ಅದೇ ಕುಣಿಕೆ ಮತ್ತೆ ಸಿಗುವ ಹಾಗೆ ಲೆನ್ಸಿನ ಪಕ್ಕ ಸಣ್ಣ ಸ್ಕೇಲ್ ಅಂಟಿಸುವುದು. ದೊಡ್ಡಮ್ಮನ ಮೂತ್ರದ ರಿಪೋರ್ಟ್ ಬಂದ ಮೇಲೆ ಅದನ್ನೂ ಕುಣಿಕೆಗಳ ಚಿತ್ರವನ್ನೂ ಒಟ್ಟಿಗೆ ಇಲ್ಲಿ ಹಾಕುತ್ತೇನೆ, ಹಾಕಲು ಅವರು ಒಪ್ಪಿದ್ದಾರೆ.