ಗೈಡ್ ಇಲ್ಲದೆ ಕರಡಿ ಬೇಟೆ: ಉತ್ತರ ಮಿನ್ನೆಸೋಟಕ್ಕೆ ಹೊರಟವರಿಗೆ

ಮೊದಲು ನಾನು ಕೊಂಡ ಒಂದು ಡ್ರಮ್ಮಿನ ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕರಿಕರಡಿಗೆ ಎರೆ, ಅಂದರೆ ಅದನ್ನು ಸೆಳೆಯುವ ತಿನಿಸು, ಇಡಲು ಆಗಸ್ಟ್ ಮಧ್ಯದಿಂದ ಅನುಮತಿ, ಬೇಟೆ ಶುರುವಾಗುವುದು ಸೆಪ್ಟೆಂಬರ್ 1ರ ಹೊತ್ತಿಗೆ. ಅದಕ್ಕಾಗಿ ಹೆದ್ದಾರಿ 53ರ ಪಕ್ಕದ ಒಬ್ಬ ವ್ಯಾಪಾರಿಯ ಹತ್ತಿರ 200 ಲೀಟರಿನ ಒಂದು ಡ್ರಮ್ ಗ್ರನೋಲ (ಓಟ್ಸ್ ಹುರಿದು ಮಾಡಿದ ಸಿಹಿ ತಿನಿಸು) ಕೊಂಡೆ. ಮೇಲಿನ ಒಂದು ಗೇಣು ಗ್ರನೋಲವೇ. ಅದರ ಕೆಳಗೆಲ್ಲ ಬೂಷ್ಟು ಹಿಡಿದ ಬಿಸ್ಕತ್ತು, ಕ್ಯಾಂಡಿ, ಅದೂ ಪ್ಲಾಸ್ಟಿಕ್ ಕವರ್ ಸಮೇತ. ಎರೆಯಲ್ಲಿ ಪ್ಲಾಸ್ಟಿಕ್, ಕಾಗದ, ಲೋಹ ಇರಬಾರದೆಂಬುದು ರಾಜ್ಯದ ನಿಯಮ. ಕಾಡಿನಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವನು ಎರೆ ಇಟ್ಟವನು, ಮಾರಿದವನಲ್ಲ. ಇಡೀ ಶನಿವಾರ ಗ್ಯಾರೇಜಿನಲ್ಲಿ ಕೂತು ಕವರ್ ಬಿಡಿಸಿದೆ. ಚಾಕೊಲೇಟ್ ಚೂರುಗಳನ್ನೂ ಆರಿಸಿ ಎಸೆದೆ. 2014ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಒಂದು ಎರೆ ಜಾಗದಲ್ಲಿ ನಾಲ್ಕು ಕರಡಿಗಳು ಸತ್ತುಬಿದ್ದಿದ್ದವು, ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ವಿಷವಾಗಿ. ಕೊಲ್ಲಲೆಂದೇ ಹೋದರೂ ಹಾಗೆ ಕೊಲ್ಲುವ ಹಕ್ಕು ನಮಗಿಲ್ಲ.

ಹಾಗಾಗಿ ಡ್ರಮ್ ಕೊಳ್ಳುವುದಾದರೆ ತಳದವರೆಗೆ ಕೈ ಹಾಕಿ ನೋಡಿಯೇ ದುಡ್ಡು ಕೊಡಿ. ನಾನಂತೂ ಇನ್ನು ಕೊಳ್ಳುವುದಿಲ್ಲ. ಮನೆಯಲ್ಲೇ ಹುರಿದ ಪಾಪ್‌ಕಾರ್ನ್, ಓಟ್ಸ್, ಮೇಲೆ ಒಂದಿಷ್ಟು ಕಾಕಂಬಿ, ಮರದ ಕಾಂಡಕ್ಕೆ ಸವರಲು ಸೋಂಪಿನ ಎಣ್ಣೆ, ಇಷ್ಟಿದ್ದರೆ ಸಾಕು. ಎರೆಯ ಮೇಲೆ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಹೇರಿ. ರಕೂನ್, ಕಾಗೆಗಳಿಗೆ ದಿಮ್ಮಿ ಸರಿಸಲು ಆಗದು. ದಿಮ್ಮಿ ಉರುಳಿದ್ದರೆ ಕರಡಿ ಬಂದಿದೆ ಎಂದೇ ಲೆಕ್ಕ.

ಕಾಗದಪತ್ರದ ವಿಚಾರದಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಎಚ್-1ಬಿ ಎಂಬ ಕೆಲಸದ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ಮಾತ್ರ ವಿನಾಯಿತಿ. ಸ್ನೇಹಿತರ ರೈಫಲ್ ಮುಟ್ಟುವ ಮೊದಲೇ ಪರವಾನಗಿ ಮಾಡಿಸಿಕೊಳ್ಳಿ. 1979ರ ನಂತರ ಹುಟ್ಟಿದವರಿಗೆ ಬಂದೂಕು ಸುರಕ್ಷತೆಯ ಪ್ರಮಾಣಪತ್ರವೂ ಬೇಕು. ಪರವಾನಗಿಗಳ ಸಂಖ್ಯೆಗೆ ಮಿತಿ ಇರುವ ಕೋಟಾ ವಲಯಗಳಿಗೆ ಲಾಟರಿ, ನನ್ನ ಹೆಸರು ಬಂದದ್ದು ಮೂರನೇ ವರ್ಷ. ಎರೆಯ ಜಾಗವನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ನೋಂದಾಯಿಸಬೇಕು, ಅಲ್ಲಿ ಗುರುತಿನ ಫಲಕ ಹಾಕಬೇಕು.

ಟ್ವಿನ್ ಸಿಟೀಸಿನಿಂದ (ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರ) ಆರ್ ಎಂಬ ಪುಟ್ಟ ಊರಿನ ತನಕ ನಾಲ್ಕು ಗಂಟೆ ಕಾರು. ಎರೆ ತುಂಬಿಸಲು ಇದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಬೇಕೆಂಬುದನ್ನು ನಾನು ಸರಿಯಾಗಿ ಅಂದಾಜು ಮಾಡಿರಲಿಲ್ಲ. ಮನೆಯಿಂದ ಎರಡು ಗಂಟೆಯೊಳಗಿನ ವಲಯ ಸಿಕ್ಕರೆ ಅದನ್ನೇ ಆರಿಸಿ, ಅಲ್ಲಿ ಕರಡಿ ಸ್ವಲ್ಪ ಕಡಿಮೆ ಇದ್ದರೂ ಸರಿ.

ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ರಜೆಯ ವಾರಾಂತ್ಯಕ್ಕೆ ಕೋಣೆ ಹಿಡಿಯಲೇಬೇಡಿ. ಕೆರೆ ನೋಡಲು ಬಂದವರ ದೋಣಿ, ಕಾಡುದಾರಿಯ ಎಟಿವಿ ಗಾಡಿಗಳ ಗದ್ದಲದಲ್ಲಿ ಒಂದು ರಾತ್ರಿಗೆ 189 ಡಾಲರ್ ಕೊಟ್ಟೆ. ಕಿಟಕಿಯ ಬಲೆ ಹರಿದಿತ್ತು, ಹಾಸಿಗೆಯಲ್ಲಿ ಹಿಂದಿನವರ ಮರಳು. ಮಾಂಸ ಇಡಲು ಫ್ರೀಜರ್ ಇದೆ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದರು. ತೆಗೆದು ನೋಡಿದರೆ ತುಂಬ ಮಾರಾಟದ ಐಸ್ ಚೀಲಗಳು, ಒಂದು ಕೈ ಇಡಲೂ ಜಾಗವಿಲ್ಲ. ಮರುದಿನವೇ ಕಾಡಿನಲ್ಲಿ ಟೆಂಟ್ ಹಾಕಿದೆ. ಸೊಳ್ಳೆ, ಉಣ್ಣಿಯ ಕಾಟ ಇದೆ ನಿಜ, ಆದರೆ ಕೊಡಗಿನ ಮಳೆಗಾಲದಲ್ಲಿ ಜಿಗಣೆ ಕಿತ್ತುಕೊಂಡೇ ಬೆಳೆದವನಿಗೆ ಅದು ದೊಡ್ಡದಲ್ಲ. ಜನಜಂಗುಳಿ ಮಾತ್ರ ನನಗೆ ಆಗುವುದಿಲ್ಲ.

ಊಟಕ್ಕೆ ಐರನ್ ರೇಂಜ್ ಎಂಬ ಕಬ್ಬಿಣದ ಗಣಿ ಪ್ರದೇಶದ ವರ್ಜೀನಿಯಾ ಊರಿನಲ್ಲಿ ನಿಲ್ಲಿ. ಅಲ್ಲಿನ ಒಂದು ಸಣ್ಣ ಬೇಕರಿಯಲ್ಲಿ ಪಾಸ್ಟಿ ಸಿಗುತ್ತದೆ. ನೋಡಲು ಅಂಗೈಗಿಂತ ದೊಡ್ಡ ಕರ್ಜಿಕಾಯಿ, ಅಂಚನ್ನು ಅದೇ ರೀತಿ ಮಡಚಿ ಒತ್ತಿರುತ್ತಾರೆ. ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಎಂಬ ಗಡ್ಡೆ. ಕಾರ್ನ್‌ವಾಲಿನಿಂದ ಬಂದ ಗಣಿ ಕಾರ್ಮಿಕರು ಇದನ್ನು ಬುತ್ತಿಯಾಗಿ ಗಣಿಯೊಳಗೆ ಒಯ್ಯುತ್ತಿದ್ದರು. ಒಂದು ತಿಂದರೆ ರಾತ್ರಿಯ ತನಕ ಹಸಿವಿಲ್ಲ. ಬೆಳಿಗ್ಗೆ ಆರಕ್ಕೆ ಬಿಸಿಯಾಗಿ ತೆಗೆದುಕೊಂಡು ಟವೆಲಿನಲ್ಲಿ ಸುತ್ತಿಟ್ಟೆ, ಸಂಜೆ ನಾಲ್ಕಕ್ಕೆ ಅಟ್ಟಣೆ ಹತ್ತುವಾಗಲೂ ಬೆಚ್ಚಗಿತ್ತು. ಮೆಣಸಿನ ಪುಡಿ ಒಂದಿಷ್ಟು ಜೇಬಿನಲ್ಲಿರಲಿ. ಅಲ್ಲೇ ಪೊಟೀಟ್ಸ ಎಂಬ ಅಕ್ರೋಟಿನ ಸುರುಳಿ ರೊಟ್ಟಿಯೂ ಇದೆ, ಸ್ಲೊವೇನಿಯಾದವರು ತಂದದ್ದು. ಅದನ್ನು ಮನೆಯವರಿಗೆ ಕಟ್ಟಿಸಿಕೊಳ್ಳಿ. ಮಾರುವ ಅಜ್ಜಿ ನನ್ನ ಎರೆ ಜಾಗದ ಬಗ್ಗೆ ಕೇಳಿ, ಈ ಸಲ ಹೇಝಲ್‌ನಟ್ ಚೆನ್ನಾಗಿ ಬಿಟ್ಟಿದೆ, ನಿನ್ನ ಪಾಪ್‌ಕಾರ್ನಿಗೆ ಯಾರೂ ಬರುವುದಿಲ್ಲ ಮಗನೇ ಎಂದರು.

ಅವರ ಮಾತೇ ನಿಜವಾಯಿತು. ಕಾಡಿನಲ್ಲಿ ಕಾಯಿ, ಹಣ್ಣು ತುಂಬಿದ ವರ್ಷ ಕರಡಿಗೆ ಎರೆ ಬೇಡ. ಕ್ಯಾಮೆರಾದಲ್ಲಿ ಕಂಡದ್ದು ಒಂದು ತಾಯಿ, ಎರಡು ಮರಿ. ಎರೆಯ ಬೇಟೆಯನ್ನು ನಾನು ಒಪ್ಪುವುದೇ ಇದಕ್ಕೆ: ಹದಿನೈದು ಮೀಟರಿನಲ್ಲಿ ನಿಂತ ಪ್ರಾಣಿಯನ್ನು ಕೂತು ನೋಡಬಹುದು, ಮರಿ ಇದೆಯೇ, ಸಂಶೋಧಕರ ಕಾಲರ್ ಇದೆಯೇ ಎಂದು ತಿಳಿದ ಮೇಲೆ ಬಿಡಬಹುದು.

ಸೆಪ್ಟೆಂಬರ್ 3 ಕೈಲ್ ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಊರಿನಲ್ಲಿ ಅಂದು ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜಿಸುತ್ತಾರೆ. ಇಲ್ಲಿ ಹಾದಿ ಬದಿಯ ಗೋಲ್ಡನ್‌ರಾಡಿನ ಹಳದಿ ಗೊಂಚಲು ಸಿಕ್ಕಿಸಿ ಕೈ ಮುಗಿದೆ.

ಗಂಡು ಕರಡಿ ಬಂದದ್ದು ಎರಡನೇ ವಾರದ ಒಂದು ಸಂಜೆ, ಬೆಳಕು ಹೋಗಲು ಇಪ್ಪತ್ತು ನಿಮಿಷ ಇರುವಾಗ. ಒಂದೇ ಗುಂಡು. ಅರವತ್ತು ಹೆಜ್ಜೆ ಓಡಿ ಬಿತ್ತು, ಆದರೂ ಹುಡುಕಲು ಒಂದು ಗಂಟೆ ಹಿಡಿಯಿತು. ದಪ್ಪ ಕೊಬ್ಬು, ಕೂದಲು ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತವೆ, ನೆಲದಲ್ಲಿ ಕಲೆಯೇ ಇರುವುದಿಲ್ಲ. ಎರಡು ಟಾರ್ಚು, ಜೊತೆಗೊಬ್ಬ ಗೆಳೆಯ ಬೇಕೇ ಬೇಕು. ಸೆಪ್ಟೆಂಬರಿನ ಸೆಕೆಗೆ ಮಾಂಸ ಬೇಗ ಕೆಡುತ್ತದೆ, ರಾತ್ರಿಯೇ ಚರ್ಮ ಸುಲಿದು ಐಸಿನಲ್ಲಿಡಿ. ಐಸನ್ನು ಹೊರಡುವ ಮೊದಲೇ ಕೊಂಡಿರಬೇಕು.

ಮನೆಯಲ್ಲಿ ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿ ಪಂದಿ ಕರಿಯಂತೆಯೇ (ಹಂದಿ ಸಾರು) ಮಾಡಿದೆವು. ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲ ಹುಳು ಇರಬಹುದು, ಉತ್ತರದ ತಳಿ ಫ್ರೀಜರಿನಲ್ಲಿಟ್ಟರೂ ಸಾಯದು. 2022ರಲ್ಲಿ 45 ದಿನ ಹೆಪ್ಪುಗಟ್ಟಿಸಿದ್ದ ಕರಡಿ ಮಾಂಸದ ಕಬಾಬಿನಿಂದ ಒಂದೇ ಕುಟುಂಬದ ಆರು ಜನಕ್ಕೆ ರೋಗ ಬಂತು, ಅವರಲ್ಲಿ ಇಬ್ಬರು ಬರೀ ಜೊತೆಗೆ ಬೆಂದ ತರಕಾರಿ ತಿಂದವರು. ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಬರುವ ತನಕ ಬೇಯಿಸಿ, ಹಸಿ ಮಾಂಸ ಮುಟ್ಟಿದ ಕತ್ತಿಯನ್ನು ಬೇರೆ ಇಡಿ.

ಕರಡಿಯನ್ನು 48 ಗಂಟೆಯೊಳಗೆ ನೋಂದಾಯಿಸಿ, ಒಂದು ಹಲ್ಲನ್ನು ಕಿತ್ತು ಇಲಾಖೆಗೆ ಕಳಿಸಬೇಕು. ಹಲ್ಲನ್ನು ಕೊಯ್ದು ಒಳಗಿನ ಸುತ್ತುಗಳನ್ನು ಎಣಿಸಿ ವಯಸ್ಸು ಹೇಳುತ್ತಾರೆ. ನನ್ನದಕ್ಕೆ ಇನ್ನೂ ಕಾಯುತ್ತಿದ್ದೇನೆ.