ಕ್ಯಾಮೆರಾ ಡೈರಿ: ಕಟ್ಟಡಕ್ಕೆ ಟ್ರೈಪಾಡ್, ಬೀದಿಗೆ ಪ್ರೈಮ್

ಹಳೇ ಕಟ್ಟಡ, ರಾತ್ರಿಯ ಬೀದಿ. ಇವೆರಡನ್ನೂ ತೆಗೆಯೋ ಆಸೆಯಿಂದ ಕ್ಯಾಮೆರಾ ಹುಡುಕೋಕೆ ಹೊರಟೆ. ಎರಡಕ್ಕೂ ಬೆಳಕು ಕಮ್ಮಿ, ಆದರೆ ಮದ್ದು ಬೇರೆ ಬೇರೆ. ಕಟ್ಟಡ ಅಲ್ಲಾಡುವುದಿಲ್ಲ, ಶಟರ್ 4 ಸೆಕೆಂಡ್ ತೆರೆದಿಟ್ಟರೂ ನಡೆಯುತ್ತೆ. ಆದರೆ ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ದೋಸೆ ಮಗುಚುವವರು ನಮಗೋಸ್ಕರ ನಿಲ್ಲುತ್ತಾರಾ?

ಕಟ್ಟಡಕ್ಕೆ ಟ್ರೈಪಾಡ್ ಬೇಕು, ಬೀದಿಗೆ ಹೆಚ್ಚು ಬೆಳಕು ಎಳೆಯೋ ಲೆನ್ಸ್ ಬೇಕು. ಹಾಗಾಗಿ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ದುಬಾರಿ ಕ್ಯಾಮೆರಾ) ಆಸೆ ಬಿಟ್ಟೆ. ಸೆಕೆಂಡ್ ಹ್ಯಾಂಡ್ ಸೋನಿ ಎ6400, ಜೊತೆಗೆ 16-50 ಎಂಎಂ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರೋ ಜೂಮ್) ತಗೊಂಡೆ. ಉಳಿದ ದುಡ್ಡು ಟ್ರೈಪಾಡ್‌ಗೂ ಸಿಗ್ಮಾ 30 ಎಂಎಂ ಎಫ್/1.4 ಪ್ರೈಮ್ (ಜೂಮ್ ಇಲ್ಲದ) ಲೆನ್ಸ್‌ಗೂ ಹೋಯಿತು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಕಿಟ್ ಲೆನ್ಸಿನ ಎಫ್/3.5ಕ್ಕಿಂತ ಎಫ್/1.4ನಲ್ಲಿ ಆರು ಪಟ್ಟು ಜಾಸ್ತಿ ಬೆಳಕು ಬರುತ್ತೆ. ಬಾಡಿ ಬದಲಾಯಿಸಿ ಇಷ್ಟು ಬೆಳಕು ಗಿಟ್ಟಿಸಬೇಕಂದ್ರೆ ಜೇಬು ಖಾಲಿ.

ಬೀದಿಯಲ್ಲಿ ಈಗಿನ ಸೆಟ್ಟಿಂಗ್: ಎಫ್/1.4 ಅಥವಾ 2, ಶಟರ್ 1/100 ಸೆಕೆಂಡ್, ಐಎಸ್ಒ (ಚಿತ್ರವನ್ನು ಎಷ್ಟು ಬೆಳಗಿಸಬೇಕು ಅನ್ನೋ ಸೆಟ್ಟಿಂಗ್) ಆಟೋ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಎಷ್ಟೋ ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/500ಕ್ಕೆ ಏರಿಸಿದರೆ ಅಂಗಡಿ ಬೋರ್ಡ್ ಮೇಲೆ ಕಪ್ಪು ಪಟ್ಟೆ ಬರಬಹುದು. 1/100 ಆದರೆ ಆ ಕಾಟ ಕಮ್ಮಿ. ಕೈ ಬೀಸಿದ್ದು ಸ್ವಲ್ಪ ಮಸುಕಾಗುತ್ತೆ. ಆಗಲಿ, ನನಗೆ ಅದೇ ಇಷ್ಟ.

ಕಟ್ಟಡಕ್ಕೆ ಕಿಟ್ ಲೆನ್ಸೇ ಸಾಕು. ಎಫ್/8, ಐಎಸ್ಒ 100, 2 ಸೆಕೆಂಡ್ ಟೈಮರ್. ಕ್ಯಾಮೆರಾ ಟ್ರೈಪಾಡ್ ಮೇಲೆ ಇದ್ದಾಗ ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯೋ ವ್ಯವಸ್ಥೆ) ಆಫ್. ವಿಧಾನಸೌಧದ ಮುಂದೆ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಕಂಬಗಳೆಲ್ಲ ಹಿಂದಕ್ಕೆ ವಾಲುತ್ತವೆ. ಆ ವಾಲಿಕೆ ತಪ್ಪಿಸೋಕೆ ಇರುವ ಟಿಲ್ಟ್-ಶಿಫ್ಟ್ ಲೆನ್ಸ್ ದುಬಾರಿ, ಸದ್ಯಕ್ಕೆ ಕನಸೇ. ನಾನು ರಸ್ತೆಯ ಆಚೆ ಬದಿಗೆ ಹೋಗಿ, ಕ್ಯಾಮೆರಾ ನೆಟ್ಟಗೆ ಇಟ್ಟು, ಕೆಳಗೆ ಬಂದ ರಸ್ತೆಯನ್ನು ಆಮೇಲೆ ಕತ್ತರಿಸುತ್ತೇನೆ. 24 ಮೆಗಾಪಿಕ್ಸೆಲ್ ಇರೋದರಿಂದ ಕತ್ತರಿಸಿದ ಮೇಲೂ ಪ್ರಿಂಟಿಗೆ ಸಾಲುತ್ತೆ.

ಈಗ ತಲೆಯಲ್ಲಿ ಓಡುತ್ತಿರೋದು ಮೈಸೂರು ಅರಮನೆ. ಭಾನುವಾರ ಸಂಜೆ 7ಕ್ಕೆ ಸುಮಾರು ಒಂದು ಲಕ್ಷ ಬಲ್ಬ್ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಆದರೆ ಡಿಸೆಂಬರ್‌ನಲ್ಲಿ ಸೂರ್ಯ 6ರ ಸುಮಾರಿಗೇ ಮುಳುಗುತ್ತಾನೆ, ದೀಪ ಹತ್ತೋ ಹೊತ್ತಿಗೆ ಆಕಾಶ ಪೂರ್ತಿ ಕಪ್ಪು. ಗೋಪುರದ ಅಂಚು ಕತ್ತಲಲ್ಲಿ ಕರಗಿ, ಬರೀ ಬಲ್ಬಿನ ಸಾಲು ಉಳಿಯುತ್ತೆ. ಮೇ ತಿಂಗಳಲ್ಲಿ ಮುಳುಗೋದು 6:40ರ ಆಸುಪಾಸು. ದೀಪ ಹತ್ತಿದಾಗಲೂ ಆಕಾಶದಲ್ಲಿ ನೀಲಿ ಇರುತ್ತೆ. ದಸರಾ ಜನಜಂಗುಳಿಯಲ್ಲಿ ಟ್ರೈಪಾಡ್ ಹಿಡಿದು ಗುದ್ದಾಡೋದಕ್ಕಿಂತ ಮೇ ಭಾನುವಾರವೇ ವಾಸಿ, ಅಲ್ವಾ? ಟ್ರೈಪಾಡ್ ಒಳಗೆ ಬಿಡ್ತಾರಾ ಅಂತ ಗೇಟಿನಲ್ಲಿ ಮೊದಲೇ ವಿಚಾರಿಸಬೇಕು. ಬಿಡದಿದ್ದರೆ 30 ಎಂಎಂ ಹಾಕಿ, ಅರಮನೆಯ ಒಂದು ಮೂಲೆ ಮಾತ್ರ ತೆಗೆಯೋದು.

ಮುಂದಿನ ಖರ್ಚು ಇನ್ನೊಂದು ಬ್ಯಾಟರಿ. ಅಲ್ಟ್ರಾವೈಡ್ ಲೆನ್ಸ್ (ತುಂಬ ಅಗಲ ನೋಟ ಹಿಡಿಯೋದು) ಪಟ್ಟಿಯಲ್ಲಿದೆ, ಆದರೆ ಕೊನೇ ಸಾಲಿನಲ್ಲಿ.