ಬಾಲ ಇನ್ನೂ ಬಾಕಿ ಇದೆ

ಗುರುವಾರ, 14 ನವೆಂಬರ್ 2024

ಆಫೀಸಿನದ್ದು ಬರೆಯುವಂಥದ್ದೇನಿಲ್ಲ. ಸಂಜೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಕಣ್ಣಿನ ಆಪರೇಷನ್ ಆದಮೇಲಾದರೂ ಸುಮ್ನೆ ಕೂತಿರುತ್ತಾರೆ ಅಂದುಕೊಂಡರೆ, ಡ್ರಾಯಿಂಗ್ ಹಾಳೆ ಹರಡಿಕೊಂಡು ಸಾಸಿವೆಯಷ್ಟು ಅಕ್ಷರದಲ್ಲಿ ‘ಶ್ರೀರಾಮ’ ಬರೆದು ಆಂಜನೇಯನನ್ನು ತುಂಬಿಸುತ್ತಿದ್ದಾರೆ! ಗದೆ ಆಗಿದೆ, ಎದೆ ಆಗಿದೆ. ಬಾಲ ಬಾಕಿ. ಅದೇ ಕಷ್ಟವಂತೆ. ಪೆನ್ಸಿಲ್ ಗೆರೆ ತಿರುಗುವ ಕಡೆ ಹೆಸರು ತುಂಡಾಗಬಾರದು. ‘ರಾ’ ಒಳಗೆ ಉಳಿದು ‘ಮ’ ಹೊರಗೆ ಹೋದರೆ ನಡೆಯುವುದಿಲ್ಲ. ಅದಕ್ಕೇ ಮೊದಲಿಂದಲೇ ಜಾಗ ನೋಡಿಕೊಂಡು ಬರಬೇಕು.

ನನಗೆ ಸುಮ್ಮನಿರಲಾಗಲಿಲ್ಲ. ಮೊಬೈಲಿನಲ್ಲಿ ಲೆನಿನ್‌ಗ್ರಾಡ್ ಪ್ರತಿ ಅನ್ನೋ ಹಳೆಯ ಹಸ್ತಪ್ರತಿಯ ನಕ್ಷತ್ರದ ಚಿತ್ರವಿರುವ ಪುಟ ತೋರಿಸಿದೆ. ಯೆಹೂದಿಗಳ ಧರ್ಮಗ್ರಂಥ, ಹೀಬ್ರೂ ಬೈಬಲ್. 1008ರ ಸುಮಾರಿಗೆ ಕೈರೋದಲ್ಲಿ ಬರೆದದ್ದು, ಈಗ ಸೇಂಟ್ ಪೀಟರ್ಸ್‌ಬರ್ಗಿನ ಗ್ರಂಥಾಲಯದಲ್ಲಿದೆ. ದೊಡ್ಡಮ್ಮ ಬೆರಳಲ್ಲಿ ಹಿಗ್ಗಿಸಿ ನೋಡಿ, "ಅಯ್ಯೋ, ಇದು ಗೆರೆ ಅಲ್ವಾ? ಅಕ್ಷರಾನಾ?" ಅಂದರು.

ಅಕ್ಷರವೇ. ಇಂಥ ಪದ ಈ ರೂಪದಲ್ಲಿ ಎಷ್ಟು ಸಲ ಬರುತ್ತದೆ, ಕಾಗುಣಿತ ಹೇಗಿರಬೇಕು ಅಂತ ಪಂಡಿತರು ಇಟ್ಟ ಟಿಪ್ಪಣಿಗಳಿವೆ. ಮಸೋರಾ ಅಂತಾರೆ. ನಕಲು ಮಾಡುವವರು ಮೂಲ ಕೆಡಿಸಬಾರದು ಅಂತ ಈ ಕಾವಲು. ಅದನ್ನೇ ಸಣ್ಣಕ್ಷರದಲ್ಲಿ ಎಳೆದು ಬಳ್ಳಿ, ಕಮಾನು ಮಾಡುತ್ತಿದ್ದರು. ಯೂರೋಪಿಗೆ ಹೋದಮೇಲೆ ಹಕ್ಕಿ, ಪ್ರಾಣಿಗಳೂ ಬಂದವು. ಜರ್ಮನಿಯ ರೆಗೆನ್ಸ್‌ಬರ್ಗಿನಲ್ಲಿ 1217ರಲ್ಲಿ ತೀರಿಕೊಂಡ ಯೆಹೂದಾ ಎಂಬ ಯೆಹೂದಿ ಗುರುಗಳ ಕಡೆಯವರು ಇದಕ್ಕೆ ಸಿಡುಕಿದ್ದರು. ಬರೆಯುವವನಿಗೆ ಮೊದಲೇ ಕರಾರು ಹಾಕಿ, ಹಕ್ಕಿ ಮರ ಮಾಡಬೇಡ ಅನ್ನಿ, ಆಮೇಲೆ ಓದೋದು ಹೇಗೆ ಅಂತ.

ಚಿತ್ರ ಮಾಡಿದರೆ ತಪ್ಪೇನು ಅಂತ ದೊಡ್ಡಮ್ಮ ನನ್ನ ಪರ ಬರುತ್ತಾರೆ ಅಂದುಕೊಂಡಿದ್ದೆ. ಬರಲಿಲ್ಲ.

"ಸರಿಯಾಗೇ ಹೇಳಿದಾರೆ. ಅದು ಲೆಕ್ಕ ಕಣೋ. ಲೆಕ್ಕ ಓದೋಕೆ ಬರದಿದ್ರೆ ಏನು ಪ್ರಯೋಜನ?"

"ನಿಮ್ಮ ಆಂಜನೇಯನನ್ನ ಯಾರು ಓದ್ತಾರೆ ದೊಡ್ಡಮ್ಮ?"

"ನಂದು ಒಂದೇ ಹೆಸರು. ಕಿವಿ ಹತ್ರ ಓದಿದ್ರೂ ಅದೇ, ಕಾಲ ಹತ್ರ ಓದಿದ್ರೂ ಅದೇ. ಅವರದ್ದು ಒಂದೊಂದು ಸಾಲೂ ಬೇರೆ ಅಲ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಮಾತು ತಪ್ಪಿಸೋಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಅಂಗಿ ತೋರಿಸಿದೆ. ನಮ್ಮ ದೇಶದ್ದೇ, ಐನೂರು ವರ್ಷ ಹಳೆಯದು. ಅದರ ಮೇಲೆ ಇಡೀ ಕುರಾನ್ ಬರೆದಿದ್ದಾರೆ, ತೊಟ್ಟವನಿಗೆ ರಕ್ಷೆ ಅಂತ. "ಒಗೆಯೋದು ಹೇಗೋ?" ಅಂದರು. ಇಬ್ಬರಿಗೂ ನಗು. ಕಾಫಿ ಆರಿಹೋಯಿತು.

ಬಸ್ಸಿನಲ್ಲಿ ಮಾತ್ರ ತಲೆಯೊಳಗೆ ವಾದ ಮುಂದುವರಿಯಿತು. ದೊಡ್ಡಮ್ಮ ಹೇಳಿದ್ದು ನ್ಯಾಯವೇ. ಆದರೆ ಆ ಬೈಬಲ್ಲಿನ ಅಕ್ಷರ, ಸ್ವರಚಿಹ್ನೆ, ಟಿಪ್ಪಣಿ ಎಲ್ಲಾ ಶಾಮುವೇಲ್ ಬೆನ್ ಯಾಕೋಬ್ ಅನ್ನೋ ಒಬ್ಬನದೇ ಕೈ. ಟಿಪ್ಪಣಿಯನ್ನು ಓದುವ ಹಾಗೆ ಪುಟದ ಅಂಚಿನಲ್ಲೂ ಬರೆದಿದ್ದಾನೆ. ಅಷ್ಟು ದುಡಿದವನು ಕೆಲವು ಪುಟಗಳಲ್ಲಿ ಕೈ ಬಿಚ್ಚಿ ಆಡಿದರೆ ತಪ್ಪೇನು? ಅದೂ ಅಲ್ಲದೆ ನಕ್ಷತ್ರದ ನಡುವೆ ತಾನೇ ಬರೆದದ್ದು ಅಂತ ಹೆಸರು ಹಾಕಿದ್ದಾನೆ. ಅದು ಮಾತ್ರ ಚೆನ್ನಾಗಿ ಕಾಣುತ್ತದೆ. ಇದನ್ನು ಹೇಳಿದರೆ ದೊಡ್ಡಮ್ಮ ಏನಂತಾರೋ. ಅವರಂತೂ ಆ ಹಾಳೆಯ ಮೇಲೆ ಎಲ್ಲೂ ತಮ್ಮ ಹೆಸರು ಹಾಕಿಲ್ಲ.